ಬೆಂಗಳೂರಿನ ಗ್ರಂಥಾಲಯಗಳಲ್ಲಿ ಕೆಜಿಎಫ್ ಚರಿತ್ರೆ ಹುಡುಕುವುದು ಹೇಗೆ?

ಬೆಂಗಳೂರಿನ ಲ್ಯಾವೆಲ್ ರಸ್ತೆಗೂ ಕೋಲಾರದ ಚಿನ್ನಕ್ಕೂ ನೇರ ನಂಟಿದೆ. ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ ಐರ್ಲೆಂಡ್ ಮೂಲದ ಸೈನಿಕ. ನಿವೃತ್ತಿಯ ನಂತರ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ. ಜಾನ್ ವಾರೆನ್ ಎಂಬ ಸರ್ವೆ ಅಧಿಕಾರಿ 1802ರಲ್ಲಿ ಮಾರಿಕುಪ್ಪಂ, ಊರಿಗಾಂ ಕಡೆ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ನೋಡಿ ಒಂದು ವರದಿ ಬರೆದಿದ್ದ. ಎಷ್ಟೋ ವರ್ಷ ಆದ ಮೇಲೆ ಅದು ಲ್ಯಾವೆಲ್‌ನ ಕಣ್ಣಿಗೆ ಬಿತ್ತು. 1871ರಲ್ಲಿ ಅವನು ಕೋಲಾರದ ಕಡೆ ಹೊರಟ. 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿದ. 1875ರಲ್ಲಿ ಲೈಸೆನ್ಸ್ ಸಿಕ್ಕಿತು. ಕೆಜಿಎಫ್, ಅಂದರೆ ಕೋಲಾರ ಗೋಲ್ಡ್ ಫೀಲ್ಡ್ಸ್, ಶುರುವಾದದ್ದೇ ಒಬ್ಬರು ಹಳೆಯ ಬರಹವೊಂದನ್ನು ಓದಿದ್ದರಿಂದ!

ಈಚೆಗೆ ಕೆಜಿಎಫ್ ಬಗ್ಗೆ ಆಸಕ್ತಿ ಜಾಸ್ತಿಯಾಗಿದೆ. ಅದರ ಜೊತೆ ಕಟ್ಟುಕಥೆಗಳೂ ಜಾಸ್ತಿಯಾಗಿವೆ. ನಿಜ ತಿಳಿಯಬೇಕು ಅನ್ನುವವರಿಗೆ ಬೆಂಗಳೂರಿಗಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ನೂರಿಪ್ಪತ್ತು ವರ್ಷದ ಗಣಿಯ ಕಾಗದಪತ್ರದಲ್ಲಿ ದೊಡ್ಡ ಪಾಲು ಇದೇ ಊರಿನಲ್ಲಿದೆ. ವಿದ್ಯಾರ್ಥಿಗಳು, ಶಿಕ್ಷಕರು, ಅಜ್ಜ ಅಥವಾ ಮುತ್ತಜ್ಜ ಗಣಿಯಲ್ಲಿ ದುಡಿದ ಮನೆಯವರು, ಯಾರು ಬೇಕಾದರೂ ಈ ಕೆಲಸ ಮಾಡಬಹುದು. ಆದರೆ ಒಂದು ಮಾತು. ಗಣಿಯ ಕಥೆಯನ್ನು ಒಂದೇ ಕೈ ಬರೆದಿಲ್ಲ. ಕಂಪನಿ ಒಂದು ರೀತಿ ಬರೆಯಿತು, ಮೈಸೂರು ಸರ್ಕಾರ ಇನ್ನೊಂದು ರೀತಿ, ಭೂವಿಜ್ಞಾನಿಗಳು ಮತ್ತೊಂದು ರೀತಿ. ಕೆಳಗಿಳಿದು ಬಂಡೆ ಒಡೆದವರು ಬರೆದದ್ದು ಬಹಳ ಕಡಿಮೆ. ಇವನ್ನೆಲ್ಲ ಅಕ್ಕಪಕ್ಕ ಇಟ್ಟು ಓದಿದರೇ ಚರಿತ್ರೆ ಸಿಗುವುದು.

ಮೊದಲು ಪ್ರಶ್ನೆ ಚಿಕ್ಕದು ಮಾಡಿ

"ಕೆಜಿಎಫ್ ಚರಿತ್ರೆ" ಅಂತ ಹೇಳಿಕೊಂಡು ಗ್ರಂಥಾಲಯಕ್ಕೆ ಹೋದರೆ ಕೈತುಂಬ ಪುಸ್ತಕ ಸಿಗುತ್ತದೆ, ಉತ್ತರ ಸಿಗುವುದಿಲ್ಲ. "1930ರ ಮುಷ್ಕರ ಯಾಕೆ ನಡೆಯಿತು?", "ಬೇತಮಂಗಲದಿಂದ ಗಣಿಗೆ ನೀರು ಹೇಗೆ ಬಂತು?", "ಚಾಂಪಿಯನ್ ರೀಫ್ ಗಣಿಯಲ್ಲಿ ಅಪಘಾತ ಯಾಕೆ ಜಾಸ್ತಿ?" ಹೀಗೆ ಒಂದು ವಿಷಯ, ಒಂದು ಕಾಲ ಹಿಡಿಯಿರಿ. ಗ್ರಂಥಪಾಲಕರಿಗೂ ಆಗ ಸಹಾಯ ಮಾಡುವುದು ಸುಲಭ.

ಪ್ರಶ್ನೆಯ ಜೊತೆ ಒಂದು ಕಾಲಪಟ್ಟಿಯೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿರಲಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. 1956ರಲ್ಲಿ ರಾಜ್ಯ ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. 1962ರಲ್ಲಿ ಅವು ಕೇಂದ್ರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸರ್ಕಾರಿ ಕಂಪನಿ ಆಯಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನಿಮ್ಮ ಪ್ರಶ್ನೆ ಇದರಲ್ಲಿ ಯಾವ ಕಾಲಕ್ಕೆ ಸೇರುತ್ತದೋ ಅದರ ಮೇಲೆ ಕಾಗದ ಎಲ್ಲಿದೆ ಅನ್ನುವುದು ನಿಲ್ಲುತ್ತದೆ. 1956ಕ್ಕೆ ಮುಂಚೆ ಕಂಪನಿ ಮತ್ತು ಸಂಸ್ಥಾನದ ದಾಖಲೆ ನೋಡಬೇಕು. ಆಮೇಲಿನದಕ್ಕೆ ವಿಧಾನಸಭೆ, ಸಂಸತ್ತು ಮತ್ತು ಸಾರ್ವಜನಿಕ ಉದ್ದಿಮೆಯ ವರದಿಗಳನ್ನು ನೋಡಬೇಕು.

ಗೆಜೆಟಿಯರ್‌ನಿಂದ ಶುರು ಮಾಡಿ

ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಮೊದಲು ಹೋಗಿ. ಕೆಜಿಎಫ್‌ಗೆ ವಿದ್ಯುತ್ ತಂದ ಯೋಜನೆ ಶುರುವಾದದ್ದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲೇ. ಅವರ ಹೆಸರಿನ ಮನೆಯಲ್ಲಿ ಕೂತು ಅದರ ಬಗ್ಗೆ ಓದುವುದು ನನಗಂತೂ ಬಹಳ ಇಷ್ಟ.

ಪರಾಮರ್ಶನ ವಿಭಾಗದಲ್ಲಿ ಗೆಜೆಟಿಯರ್‌ಗಳನ್ನು, ಅಂದರೆ ನಾಡು, ಜಿಲ್ಲೆ, ಊರುಗಳ ವಿವರ ಕೊಡುವ ಸರ್ಕಾರಿ ಪುಸ್ತಕಗಳನ್ನು, ಕೇಳಿ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ 1877ರಲ್ಲಿ ಬಂತು. ಪರಿಷ್ಕರಿಸಿದ ಆವೃತ್ತಿ 1897ರದು. ಸಿ. ಹಯವದನ ರಾವ್ ಅವರದು 1927ರಿಂದ 1930ರ ನಡುವೆ ಬಂತು. ಕೋಲಾರ ಜಿಲ್ಲಾ ಗೆಜೆಟಿಯರ್ 1968ರದು. ಒಂದನ್ನೇ ಓದಿ ಸುಮ್ಮನಾಗಬೇಡಿ. ಒಂದೇ ಊರಿನ ಬಗ್ಗೆ ನಾಲ್ಕರಲ್ಲೂ ಏನಿದೆ ಅಂತ ಸಾಲಾಗಿ ಬರೆದುಕೊಳ್ಳಿ. 1877ರ ಪುಸ್ತಕ ಜಾನ್ ಟೇಲರ್ ಕಂಪನಿ ಕಾಲಿಡುವ ಮುಂಚಿನದು. 1897ರಷ್ಟರಲ್ಲಿ ರೈಲೇ ಬಂದಿತ್ತು. ಈ ಎರಡು ಆವೃತ್ತಿಗಳ ನಡುವಿನ ವ್ಯತ್ಯಾಸವೇ ಒಂದು ಲೇಖನಕ್ಕೆ ಸಾಕು. ಇಂಪೀರಿಯಲ್ ಗೆಜೆಟಿಯರ್‌ನ 15ನೇ ಸಂಪುಟದಲ್ಲೂ ಕೋಲಾರ ಚಿನ್ನದ ಗಣಿಗೆ ಪ್ರತ್ಯೇಕ ಟಿಪ್ಪಣಿ ಇದೆ.

ಕಪಾಟಿನ ಮುಂದೆ ನಿಂತಾಗ ಒಂದು ಸಂಗತಿ ನೆನಪಿರಲಿ. ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣ ಬಳಸುವ ಗ್ರಂಥಾಲಯದಲ್ಲಿ ಗಣಿಯ ಪುಸ್ತಕಗಳು ಒಂದೇ ಕಡೆ ಇರುವುದಿಲ್ಲ. ಗಣಿ ಎಂಜಿನಿಯರಿಂಗ್ 622ರಲ್ಲಿ ಇರುತ್ತದೆ. ಚಿನ್ನದ ಅದಿರಿನ ಭೂವಿಜ್ಞಾನ 553.41ರಲ್ಲಿ. ಗಣಿ ಉದ್ಯಮದ ಅರ್ಥಶಾಸ್ತ್ರ 338.2ರಲ್ಲಿ. ಕಾರ್ಮಿಕರ ವಿಷಯ 331ರಲ್ಲಿ. ಕರ್ನಾಟಕದ ಚರಿತ್ರೆ 954.87ರಲ್ಲಿ. ಚರಿತ್ರೆಯ ಕಪಾಟು ನೋಡಿ "ಏನೂ ಇಲ್ಲ" ಅಂತ ವಾಪಸ್ ಬರುವವರು 622ರ ಕಡೆ ಹೋಗಿಯೇ ಇರುವುದಿಲ್ಲ.

ಸರ್ಕಾರದ ಕೈ: ವಿಕಾಸಸೌಧದ ಪತ್ರಾಗಾರ

ನನ್ನ ಲೆಕ್ಕದಲ್ಲಿ ನಿಜವಾದ ನಿಧಿ ಇರುವುದು ಇಲ್ಲಿ. ವಿಕಾಸಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯಲ್ಲಿ ಮೈಸೂರು ಸಂಸ್ಥಾನದ ಕಡತಗಳಿವೆ. ಹೋಗುವ ಮುಂಚೆ ಫೋನ್ ಮಾಡಿ ಸಮಯ, ನಿಯಮ ಕೇಳಿಕೊಳ್ಳಿ. ಗುರುತಿನ ಚೀಟಿ, ವಿಷಯ ಬರೆದ ಒಂದು ಅರ್ಜಿ, ಸಾಧ್ಯವಾದರೆ ಕಾಲೇಜು ಅಥವಾ ಸಂಸ್ಥೆಯಿಂದ ಒಂದು ಪರಿಚಯ ಪತ್ರ ಒಯ್ಯಿರಿ. ಪೆನ್ನಿನ ಬದಲು ಪೆನ್ಸಿಲ್ ಇಟ್ಟುಕೊಳ್ಳಿ. ಹಳೆಯ ಹಾಳೆಗೆ ಮಸಿ ತಾಗಿದರೆ ಹೋಗುವುದಿಲ್ಲ. ಫೋಟೋ ತೆಗೆಯುವ ಮುಂಚೆ ಅನುಮತಿ ಕೇಳಿ.

ಕಡತ ಕೇಳುವ ಮೊದಲು ಸೂಚಿ, ಅಂದರೆ ಕಡತಗಳ ಪಟ್ಟಿ, ಓದಬೇಕು. ಇಲ್ಲಿ ತಾಳ್ಮೆ ಬೇಕು. ಗಣಿ ಅಂತ ಇರುವ ವಿಭಾಗ ಮಾತ್ರ ನೋಡಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಮುಷ್ಕರದ ವಿಷಯ ಪೊಲೀಸ್ ಕಡತದಲ್ಲಿರುತ್ತದೆ. ಪ್ಲೇಗ್ ಬಂದಾಗಿನ ವಿಷಯ ವೈದ್ಯಕೀಯ ಕಡತದಲ್ಲಿ, ಕಂಬ ಮತ್ತು ತಂತಿಯ ವಿಷಯ ವಿದ್ಯುತ್ ಕಡತದಲ್ಲಿ, ಸೌದೆಯ ವಿಷಯ ಅರಣ್ಯ ಕಡತದಲ್ಲಿ. ಗಣಿಗೆ ಏನೇನು ಬೇಕಿತ್ತೋ ಅದೆಲ್ಲ ಒಂದೊಂದು ಇಲಾಖೆ ಅಂತ ಯೋಚಿಸಿ, ಹುಡುಕುವುದು ತಾನಾಗಿಯೇ ಸುಲಭವಾಗುತ್ತದೆ.

ಕಡತಗಳಿಗಿಂತ ಓದಲು ಸುಲಭವಾದದ್ದು ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳು. ಪ್ರತಿ ವರ್ಷ ಗಣಿಗೆ ಒಂದು ಭಾಗ ಇರುತ್ತದೆ: ಎಷ್ಟು ಚಿನ್ನ, ಎಷ್ಟು ಕೂಲಿಗಳು, ಎಷ್ಟು ರಾಜಧನ. ಮುಖ್ಯ ಗಣಿ ಪರಿವೀಕ್ಷಕರ ವರದಿ ಸಿಕ್ಕರೆ ಬಿಡಬೇಡಿ. ಸತ್ತವರ, ಗಾಯಗೊಂಡವರ ಲೆಕ್ಕ ಇರುವುದು ಅಲ್ಲಿ. ಆ ಕೋಷ್ಟಕದ ಪ್ರತಿ ಅಂಕಿಯ ಹಿಂದೆ ಒಂದು ಮನೆ ಇದೆ. ನಿಧಾನವಾಗಿ ಓದಿ. 1881ರಲ್ಲಿ ಶುರುವಾದ ಪ್ರಜಾಪ್ರತಿನಿಧಿ ಸಭೆಯ ನಡಾವಳಿಗಳೂ ಇವೆ. ಅಲ್ಲಿ ಸದಸ್ಯರು ಕೇಳಿದ ಪ್ರಶ್ನೆಗಳಲ್ಲಿ ಜನರ ದೂರುಗಳು ಕೇಳಿಸುತ್ತವೆ.

ಸಂಸ್ಥಾನದಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ರೆಸಿಡೆಂಟ್ ಕಚೇರಿಯ ಪತ್ರಗಳು ಬೇಕಾದರೆ ಅವು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅದರ ಅಭಿಲೇಖ್ ಪಟಲ್ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು.

ವಿಜ್ಞಾನಿಗಳ ಕೈ

ಮೈಸೂರು ಭೂವಿಜ್ಞಾನ ಇಲಾಖೆ 1894ರಲ್ಲಿ ಶುರುವಾಯಿತು. ಮೊದಲ ಮುಖ್ಯಸ್ಥರು ರಾಬರ್ಟ್ ಬ್ರೂಸ್ ಫೂಟ್. ಆ ಇಲಾಖೆಯ ಇಂದಿನ ರೂಪ ರೇಸ್ ಕೋರ್ಸ್ ರಸ್ತೆಯ ಖನಿಜ ಭವನದಲ್ಲಿರುವ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಹಳೆಯ ಇಲಾಖೆ ಹೊರತಂದ ರೆಕಾರ್ಡ್ಸ್, ಬುಲೆಟಿನ್, ಮೆಮಾಯರ್‌ಗಳು ಭೂವಿಜ್ಞಾನದ ಭಾಷೆಯಲ್ಲಿದ್ದರೂ ಚರಿತ್ರೆಗೆ ತುಂಬ ಬೇಕಾದವು. ನಕ್ಷೆ ಇರುತ್ತದೆ, ಶಾಫ್ಟ್‌ಗಳ (ಗಣಿಗೆ ಇಳಿಯುವ ಬಾವಿಗಳ) ಹೆಸರಿರುತ್ತದೆ, ಆಳ ಇರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಜೆ. ಆರ್. ಡಿ. ಟಾಟಾ ಗ್ರಂಥಾಲಯದಲ್ಲೂ ಹಳೆಯ ವಿಜ್ಞಾನ ಪತ್ರಿಕೆಗಳ ದೊಡ್ಡ ಸಂಗ್ರಹ ಇದೆ. ಹೊರಗಿನವರಿಗೆ ಪ್ರವೇಶದ ನಿಯಮ ಏನು ಅಂತ ಮೊದಲೇ ವಿಚಾರಿಸಿ. ಬಿ. ಪಿ. ರಾಧಾಕೃಷ್ಣ ಅವರು ಬೆಳೆಸಿದ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ಕೂಡ ಬೆಂಗಳೂರಿನದೇ.

ಹುಡುಕುವ ಪದಗಳ ಬಗ್ಗೆ ಇಲ್ಲಿ ಎಚ್ಚರ ಬೇಕು. ಆಳದಲ್ಲಿ ಬಂಡೆ ಸಿಡಿಯುವುದನ್ನು ಈಗ ರಾಕ್‌ಬರ್ಸ್ಟ್ ಅನ್ನುತ್ತಾರೆ. ಇಪ್ಪತ್ತನೇ ಶತಮಾನದ ಮೊದಲಿಗೆ ಅದನ್ನು ಏರ್‌ಬ್ಲಾಸ್ಟ್ ಎಂದು ಬರೆಯುತ್ತಿದ್ದರು. ಡಬ್ಲ್ಯೂ. ಎಫ್. ಸ್ಮೀತ್ 1904ರಲ್ಲೇ ಅದರ ಮೇಲೆ ಇಲಾಖೆಯ ಬುಲೆಟಿನ್ ಬರೆದಿದ್ದಾರೆ. ಹೊಸ ಪದ ಹಾಕಿ ಹುಡುಕಿದರೆ ಅದು ಸಿಗುವುದಿಲ್ಲ. ಊರಿನ ಹೆಸರುಗಳೂ ಹಾಗೆಯೇ. ಊರಿಗಾಂ ಹಳೆಯ ಇಂಗ್ಲಿಷ್ ಬರಹದಲ್ಲಿ ಎರಡು ಓ ಹಾಕಿಕೊಂಡು ಬರುತ್ತದೆ, ಕೊನೆಯ ಅಕ್ಷರಗಳೂ ಒಂದೊಂದು ಕಡೆ ಒಂದೊಂದು ಥರ. ನಂದಿದುರ್ಗ ಗಣಿಯ ಹೆಸರನ್ನು ಯು ಹಾಕಿಯೇ ಹುಡುಕಬೇಕು. ಬಂಗಾರಪೇಟೆ ಅಂದರೆ ಹಳೆಯ ಕಡತಕ್ಕೆ ಗೊತ್ತಾಗುವುದಿಲ್ಲ, ಬೌರಿಂಗ್‌ಪೇಟೆ ಅನ್ನಬೇಕು. ಹೀಗೆ ಸಿಕ್ಕ ರೂಪಗಳನ್ನೆಲ್ಲ ಒಂದು ಪುಟದಲ್ಲಿ ಬರೆಯುತ್ತಾ ಹೋಗಿ.

ಕೆಜಿಎಫ್‌ಗೆ ಇನ್ನೊಂದು ಮುಖವೂ ಇದೆ. 1965ರಲ್ಲಿ ಇಲ್ಲಿನ ಆಳದಲ್ಲಿ ವಾತಾವರಣದ ನ್ಯೂಟ್ರಿನೋ ಎಂಬ ಅತಿ ಸಣ್ಣ ಕಣಗಳನ್ನು ಪತ್ತೆ ಮಾಡಿದರು. ಚಿನ್ನಕ್ಕೆ ಅಗೆದ ಗುಂಡಿ ಭೌತವಿಜ್ಞಾನದ ಪ್ರಯೋಗಾಲಯವಾದ ಈ ಕಥೆ ಹಿಡಿಯುವವರು ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಆವರಣದಲ್ಲಿರುವ ವಿಜ್ಞಾನ ಚರಿತ್ರೆಯ ಪತ್ರಾಗಾರವನ್ನೂ ವಿಚಾರಿಸಿ.

ಕಂಪನಿಯ ಕೈ, ಅದರ ಅಳತೆಗಳು

ಕಂಪನಿಗಳು ಲಂಡನ್ನಿನ ಷೇರುದಾರರಿಗಾಗಿ ಬರೆದವು. ಹಾಗಾಗಿ ಅವುಗಳ ವರದಿಯಲ್ಲಿ ಲಾಭಾಂಶ, ಉತ್ಪಾದನೆ ದಪ್ಪಕ್ಷರದಲ್ಲಿ, ಉಳಿದದ್ದು ಸಣ್ಣಕ್ಷರದಲ್ಲಿ. ಹಳೆಯ ಪತ್ರಿಕೆಗಳಲ್ಲಿ ಈ ಸುದ್ದಿಗಳು ಬಂದಿವೆ. ಆಸ್ಟ್ರೇಲಿಯಾದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್ ಜಾಲತಾಣಗಳಲ್ಲಿ ದುಡ್ಡಿಲ್ಲದೆ ಓದಬಹುದು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಅನೇಕ ಗಣಿ ಕೆಲಸಗಾರರು ಇಲ್ಲಿಗೆ ಬಂದಿದ್ದರು. ಅವರ ಕುಟುಂಬಗಳ ಕಾಗದಗಳನ್ನು ಆ ಕಡೆಯ ಪತ್ರಾಗಾರಗಳ ಸೂಚಿಯಲ್ಲಿ ಹುಡುಕಿ ನೋಡಬಹುದು.

ಅಂಕಿಗಳನ್ನು ಹೋಲಿಸುವಾಗ ಮೂರು ಕಡೆ ಎಡವುವ ಸಾಧ್ಯತೆ ಇದೆ. ಒಂದು, ವರ್ಷ. ಮೈಸೂರು ಸಂಸ್ಥಾನದ ಆಡಳಿತ ವರ್ಷ ಜುಲೈನಿಂದ ಜೂನ್‌ವರೆಗೆ. ಗಣಿಯ ಅಂಕಿಅಂಶ ಹಲವು ಸಲ ಜನವರಿಯಿಂದ ಡಿಸೆಂಬರ್. ಎರಡೂ ಹೊಂದದಿದ್ದರೆ ಯಾರೋ ಸುಳ್ಳು ಬರೆದರು ಅಂತಲ್ಲ. ಎರಡು, ತೂಕ. ಚಿನ್ನದ ಔನ್ಸ್ ಟ್ರಾಯ್ ಔನ್ಸ್, ಸುಮಾರು 31.1 ಗ್ರಾಂ. ಅದಿರಿನ ಬ್ರಿಟಿಷ್ ಟನ್ 1,016 ಕಿಲೋ. ಹಾಗಾಗಿ "ಟನ್ನಿಗೆ ಒಂದು ಔನ್ಸ್" ಅಂದರೆ ಇಂದಿನ ಲೆಕ್ಕದಲ್ಲಿ ಟನ್ನಿಗೆ ಸುಮಾರು 30.6 ಗ್ರಾಂ. ಪೆನಿವೇಟ್ ಅಂತ ಬಂದರೆ ಅದು ಔನ್ಸಿನ ಇಪ್ಪತ್ತನೇ ಒಂದು ಭಾಗ. ಮೂರನೆಯದು ಶುದ್ಧತೆ. ಗಟ್ಟಿಯ ತೂಕ ಬೇರೆ, ಅದರೊಳಗಿನ ಅಪ್ಪಟ ಚಿನ್ನದ ತೂಕ ಬೇರೆ. ಯಾವುದು ಅಂತ ಕೋಷ್ಟಕದ ಅಡಿಟಿಪ್ಪಣಿ ನೋಡದೆ ಕೂಡಿಸಬೇಡಿ.

ದುಡಿದವರ ಕೈ

ಕೆಜಿಎಫ್ ಕಟ್ಟಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ದಲಿತ ಕುಟುಂಬಗಳು. ಲೈನ್‌ಮನೆಗಳಲ್ಲಿ ಇದ್ದರು, ತಮಿಳಿನಲ್ಲಿ ಮಾತಾಡಿದರು, ಹಾಡಿದರು, ಸಂಘ ಕಟ್ಟಿದರು. ಆದ್ದರಿಂದ ಕನ್ನಡ ಮತ್ತು ಇಂಗ್ಲಿಷ್ ದಾಖಲೆ ಮಾತ್ರ ಓದಿದರೆ ಅವರ ದನಿ ಸಿಗುವುದು ಕಷ್ಟ. ತಮಿಳು ದಲಿತ ಚಿಂತಕ ಅಯೋತಿದಾಸ ಪಂಡಿತರ ಬೌದ್ಧ ಚಳವಳಿಗೆ ಮಾರಿಕುಪ್ಪಂ ದೊಡ್ಡ ನೆಲೆಯಾಗಿತ್ತು. ಅವರು 1907ರಲ್ಲಿ ಚೆನ್ನೈನಿಂದ ಶುರು ಮಾಡಿದ ತಮಿಳು ಪತ್ರಿಕೆಯನ್ನು ಕೆಜಿಎಫ್ ಓದುತ್ತಿತ್ತು. ಚೆನ್ನೈನ ರೋಜಾ ಮುತ್ತಯ್ಯ ಸಂಶೋಧನಾ ಗ್ರಂಥಾಲಯ ಇಂಥ ತಮಿಳು ಪತ್ರಿಕೆಗಳನ್ನು ಹುಡುಕಲು ಒಳ್ಳೆಯ ಜಾಗ. ಬೆಂಗಳೂರಿನಲ್ಲೇ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಮಿಷನರಿಗಳ ಹಳೆಯ ಕಾಗದಗಳಿವೆ. ಶಾಲೆ, ಆಸ್ಪತ್ರೆ, ದಿನನಿತ್ಯದ ಬದುಕು ಅಲ್ಲಿ ಕಾಣುವ ಸಾಧ್ಯತೆ ಸರ್ಕಾರಿ ಕಡತಕ್ಕಿಂತ ಜಾಸ್ತಿ. ನಾಗರಭಾವಿಯಲ್ಲಿರುವ ಸಾಮಾಜಿಕ ಮತ್ತು ಆರ್ಥಿಕ ಅಧ್ಯಯನ ಸಂಸ್ಥೆ ಐಸೆಕ್‌ನ ಗ್ರಂಥಾಲಯದಲ್ಲಿ ಕಾರ್ಮಿಕರ ಮೇಲಿನ ಅಧ್ಯಯನಗಳನ್ನು ನೋಡಿ. ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಜಾಲತಾಣ ಇದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 1930ರಲ್ಲಿ ಕಾರ್ಮಿಕರು ಬೆರಳಚ್ಚು ಕೊಡಲು ಒಪ್ಪದೆ 21 ದಿನ ಮುಷ್ಕರ ಮಾಡಿದರು. ಮೊದಲು ಹಯವದನ ರಾವ್ ಅವರ ಗೆಜೆಟಿಯರ್‌ನಲ್ಲಿ ಆ ಕಾಲದ ಗಣಿ, ಕಂಪನಿ, ಜನಸಂಖ್ಯೆಯ ಚಿತ್ರ ತೆಗೆದುಕೊಳ್ಳಿ. ಆಮೇಲೆ 1929-30ರ ಆಡಳಿತ ವರದಿ. ಅದು ಮುಷ್ಕರವನ್ನು ಎಷ್ಟು ಸಾಲಿನಲ್ಲಿ ಮುಗಿಸಿದೆ ನೋಡಿ. ಬಳಿಕ ಪತ್ರಾಗಾರದ ಸೂಚಿಯಲ್ಲಿ ಪೊಲೀಸ್ ಮತ್ತು ಗಣಿ ಎರಡೂ ಕಡೆ ಹುಡುಕಿ. ಆ ವರ್ಷದ ಪ್ರಜಾಪ್ರತಿನಿಧಿ ಸಭೆಯಲ್ಲಿ ಪ್ರಶ್ನೆ ಎದ್ದಿದೆಯೇ ನೋಡಿ. ಉತ್ಪಾದನೆಯ ಕೋಷ್ಟಕದಲ್ಲಿ ಆ ತಿಂಗಳು ಎಷ್ಟು ಇಳಿದಿದೆ ಅಂತ ಅಳೆಯಿರಿ. ಕೊನೆಗೆ ಪತ್ರಿಕೆಗಳು. ಒಂದೊಂದು ಕಡೆ ಒಂದೊಂದು ಕಾರಣ ಕೊಟ್ಟಿದ್ದರೆ ಯಾವುದನ್ನೂ ಅಳಿಸಬೇಡಿ. ಬೆರಳಚ್ಚನ್ನು ಕಂಪನಿ ಕಳವು ತಡೆಯುವ, ಹಾಜರಿ ಇಡುವ ಕ್ರಮ ಅಂದುಕೊಂಡಿರಬಹುದು. ಕೊಡಬೇಕಾದವರಿಗೆ ಅದು ಅವಮಾನ. ಯಾರು ಹೇಗೆ ಕಂಡರು ಅನ್ನುವುದೇ ಇಲ್ಲಿ ಮುಖ್ಯ ಅಲ್ವಾ? 1946ರ ದೊಡ್ಡ ಮುಷ್ಕರಕ್ಕೂ ಇದೇ ದಾರಿ ಹಿಡಿಯಬಹುದು. ಅಷ್ಟು ಹೊತ್ತಿಗೆ 'ತಾಯಿನಾಡು' ಥರದ ಕನ್ನಡ ದಿನಪತ್ರಿಕೆಗಳಿದ್ದವು. 2001ರ ಮುಚ್ಚುವಿಕೆಗೆ 'ಪ್ರಜಾವಾಣಿ'ಯ ಹಳೆಯ ಸಂಚಿಕೆಗಳನ್ನು ನೋಡಿ.

ಎಲ್ಲರೂ ಹೇಳುವ ಮಾತನ್ನು ಪರೀಕ್ಷಿಸಿ

"ಏಷ್ಯಾದಲ್ಲೇ ಮೊದಲು ಕರೆಂಟ್ ಕಂಡ ಊರು ಕೆಜಿಎಫ್" ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಶಿವನಸಮುದ್ರದ ವಿದ್ಯುತ್ ಕೆಜಿಎಫ್ ತಲುಪಿದ್ದು 1902ರಲ್ಲಿ. ಡಾರ್ಜಿಲಿಂಗ್‌ನ ಸಿದ್ರಾಪೊಂಗ್ ಜಲವಿದ್ಯುತ್ ಕೇಂದ್ರ ಶುರುವಾದದ್ದು 1897ರಲ್ಲಿ. ಹಾಗಾದರೆ ಆ ಮಾತು ನಿಲ್ಲುವುದಿಲ್ಲ. ನಿಲ್ಲುವ ಮಾತೂ ಸಣ್ಣದೇನಲ್ಲ. ಸುಮಾರು 147 ಕಿಲೋಮೀಟರ್ ದೂರ ಎಳೆದ ಆ ತಂತಿ ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ.

ವಾರೆನ್ ಕಥೆಯೂ ಹಾಗೆ. ಅವನ ಬರಹ 1804ರ ಏಷಿಯಾಟಿಕ್ ಜರ್ನಲ್‌ನಲ್ಲಿ ಬಂತು ಅಂತ ಬಹಳ ಕಡೆ ಓದುತ್ತೀರಿ. ಆ ಹೆಸರಿನ ಪ್ರಸಿದ್ಧ ಲಂಡನ್ ಮಾಸಿಕ ಶುರುವಾದದ್ದು 1816ರಲ್ಲಿ. ಮೂಲ ಪುಟ ಕಣ್ಣಾರೆ ಕಾಣುವವರೆಗೆ ಪತ್ರಿಕೆಯ ಹೆಸರನ್ನಾಗಲಿ ವರ್ಷವನ್ನಾಗಲಿ ನಿಮ್ಮ ಲೇಖನದಲ್ಲಿ ಬರೆಯಬೇಡಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಆ ಕಾಲದ ಇಂಗ್ಲಿಷ್ ಪತ್ರಿಕೆಗಳ ಸಂಪುಟಗಳು ಬೇಕಾದಷ್ಟಿವೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯವೂ ಇಂಥ ಹುಡುಕಾಟಕ್ಕೆ ಒಳ್ಳೆಯದು. 1909ರಿಂದ ಬರುತ್ತಿರುವ ಅದರ ತ್ರೈಮಾಸಿಕದ ಸೂಚಿಯನ್ನು ಒಮ್ಮೆ ತಿರುವಿ ನೋಡಿ.

ಬೇರೆ ಗಣಿ ಹಿಡಿದವರಿಗೆ

ದಾರಿ ಇದೇ, ಕಾಗದ ಇರುವ ಊರು ಮಾತ್ರ ಬೇರೆ. 1956ಕ್ಕೆ ಮುಂಚೆ ಆ ಜಾಗ ಯಾರ ಆಡಳಿತದಲ್ಲಿತ್ತು ಅಂತ ಮೊದಲು ನೋಡಿ. ಹಟ್ಟಿ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿತ್ತು, ಆದ್ದರಿಂದ ಹಳೆಯ ಕಡತಗಳಿಗೆ ಹೈದರಾಬಾದ್ ಕಡೆ ನೋಡಬೇಕು. ಬಳ್ಳಾರಿ 1953ರವರೆಗೆ ಮದ್ರಾಸಿನದು, ಸಂಡೂರು ತನ್ನದೇ ಸಂಸ್ಥಾನ. ಗದಗ ಬೊಂಬಾಯಿ ಪ್ರಾಂತ್ಯದಲ್ಲಿತ್ತು. ಬಳ್ಳಾರಿಯ ಈಚಿನ ಕಥೆಗೆ 2008 ಮತ್ತು 2011ರ ಲೋಕಾಯುಕ್ತ ವರದಿಗಳನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ.

ಟಿಪ್ಪಣಿ, ಆಮೇಲೆ ಊರು

ಒಂದು ಸಂಗತಿಗೆ ಒಂದು ಹಾಳೆ. ಗ್ರಂಥಾಲಯದ ಹೆಸರು, ಪುಸ್ತಕ ಅಥವಾ ಕಡತದ ಸಂಖ್ಯೆ, ಪುಟ, ನೋಡಿದ ದಿನ, ಇಷ್ಟನ್ನು ಮೇಲೆ ಬರೆದ ನಂತರವೇ ಸಂಗತಿ ಬರೆಯಿರಿ. ಫೋಟೋ ತೆಗೆದರೆ ಮೊದಲು ಕಡತದ ಮುಖಪುಟದ ಫೋಟೋ ತೆಗೆಯಿರಿ. ಮೂಲದ ಮಾತನ್ನೂ ನಿಮ್ಮ ಮಾತನ್ನೂ ಬೆರೆಸಬೇಡಿ.

ಇಷ್ಟೆಲ್ಲ ಓದಿಯಾದ ಮೇಲೆ ಕೆಜಿಎಫ್‌ಗೆ ಹೋಗಿ. ಬೆಂಗಳೂರಿನಿಂದ ಮಾರಿಕುಪ್ಪಂಗೆ ರೈಲಿದೆ. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳಲ್ಲಿ ಈ ಊರು 57 ಎಲ್ ಸರಣಿಯಲ್ಲಿ ಬರುತ್ತದೆ, ಅದರ ಒಂದು ಪ್ರತಿ ಜೊತೆಗಿರಲಿ. ಗಣಿಯಲ್ಲಿ ದುಡಿದ ಹಿರಿಯರು ಸಿಕ್ಕರೆ ಅವರ ಒಪ್ಪಿಗೆ ಪಡೆದು ಮಾತು ರೆಕಾರ್ಡ್ ಮಾಡಿ. "ಆಗ ಹೇಗಿತ್ತು?" ಅಂತ ಸುಮ್ನೆ ಕೇಳಬೇಡಿ. ಯಾವ ಶಾಫ್ಟ್, ಯಾವ ಪಾಳಿ, ಯಾವ ಲೈನ್ ಅಂತ ಹೆಸರಿಟ್ಟು ಕೇಳಿ. ಹಳೆಯ ವರದಿಯಲ್ಲಿ ಓದಿದ ಶಾಫ್ಟಿನ ಹೆಸರು ನಿಮ್ಮ ಬಾಯಲ್ಲಿ ಬಂದರೆ ಮಾತು ತಾನಾಗಿ ಬೆಳೆಯುತ್ತದೆ. ರೆಕಾರ್ಡಿಂಗ್‌ನ ಒಂದು ಪ್ರತಿ ಆ ಮನೆಗೂ ಕೊಡಿ. ಮುಚ್ಚಿದ ಶಾಫ್ಟ್‌ಗಳ ಹತ್ತಿರ ಹೋಗಬೇಡಿ. ಚಿನ್ನ ತೆಗೆದು ಉಳಿದ ಅದಿರಿನ ಪುಡಿ ಸುರಿದ ಸೈನೈಡ್ ದಿಬ್ಬಗಳ ಮೇಲೆ ಹತ್ತಬೇಡಿ, ಗಾಳಿ ಎದ್ದ ದಿನ ಅದರ ಧೂಳು ಊರಿನ ಮೇಲೆಯೇ ಬರುತ್ತದೆ, ಮೂಗು ಬಾಯಿಗೆ ಬಟ್ಟೆ ಇರಲಿ.